ಮೀರು, ಮೀರಿಸು, ದಾಟು, ಉಲ್ಲಂಘಿಸು: ಎಲ್ಲಿ ಯಾವುದು?

ಪ್ರಶ್ನೆ: ಸುತ್ತೋಲೆ, ನೋಟಿಸು, ಆ್ಯಪ್‌ಗಳಲ್ಲಿ ಬರುವ ಸಂದೇಶ, ಇಂಥವನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. ಇಂಗ್ಲಿಷಿನಲ್ಲಿ ‘ಎಕ್ಸೀಡ್’ ಇರುವ ಕಡೆ ‘ಮೀರು’ ಎಂದು ಬರೆದರೆ ತಿದ್ದುವವರು ಅದನ್ನು ಒಮ್ಮೆ ‘ಉಲ್ಲಂಘಿಸು’ ಮಾಡುತ್ತಾರೆ, ಇನ್ನೊಮ್ಮೆ ‘ದಾಟು’ ಮಾಡುತ್ತಾರೆ. ‘ಮೀರು ಅಂದರೆ ಬೈದ ಹಾಗಿರುತ್ತದೆ’ ಎಂಬುದು ಅವರ ವಾದ. ಹಾಗಾದರೆ ‘ಗುರುವನ್ನು ಮೀರಿಸಿದ ಶಿಷ್ಯ’ ಅನ್ನುವುದು ಬೈಗುಳವೇ? ಈ ಪದವನ್ನು ಎಲ್ಲಿ, ಹೇಗೆ ಬಳಸಬೇಕು? ಅಕ್ಕಪಕ್ಕದ ಪದಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ‘ಮೀರು’ ತಾನಾಗಿ ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಅದು ಹೇಳುವುದು ಇಷ್ಟೇ: ಒಂದು ಗೆರೆಯೋ ಅಳತೆಯೋ ಇದೆ, ಏನೋ ಒಂದು ಅದರ ಆಚೆಗೆ ಹೋಗಿದೆ. ಹೋದದ್ದು ತಪ್ಪೋ ಸಾಧನೆಯೋ ಎಂಬುದನ್ನು ತೀರ್ಮಾನಿಸುವುದು ಹಿಂದೆ ಬರುವ ನಾಮಪದ. ಅದಕ್ಕಿಂತ ಹೆಚ್ಚಾಗಿ, ಆ ನಾಮಪದಕ್ಕೆ ಹತ್ತಿರುವ ವಿಭಕ್ತಿ. ನಿಮ್ಮನ್ನು ತಿದ್ದುವವರು ಕ್ರಿಯಾಪದವನ್ನು ನೋಡುತ್ತಿದ್ದಾರೆ. ನೋಡಬೇಕಾದದ್ದು ಅದರ ಹಿಂದಿನ ಪ್ರತ್ಯಯವನ್ನು.

‘ವಯಸ್ಸು’ ಎಂಬ ಒಂದೇ ಪದವನ್ನು ಇಟ್ಟುಕೊಂಡು ನೋಡೋಣ. ‘ವಯಸ್ಸು ಮೀರಿದ ಅಭ್ಯರ್ಥಿ’ ಅಂದರೆ ಅರ್ಜಿ ಹಾಕುವ ವಯಸ್ಸು ಕಳೆದುಹೋದವನು. ಅವನ ಅರ್ಜಿ ತಿರಸ್ಕಾರವಾಗುತ್ತದೆ. ‘ವಯಸ್ಸಿಗೆ ಮೀರಿದ ಬುದ್ಧಿ’ ಅಂದರೆ ಆ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣದಷ್ಟು ತಿಳಿವಳಿಕೆ. ಸಾಮಾನ್ಯವಾಗಿ ಇದು ಮೆಚ್ಚುಗೆ. ‘ವಯಸ್ಸಿಗೆ ಮೀರಿದ ಮಾತು’ ಅಂದಾಗ ಮಾತ್ರ ಸ್ವಲ್ಪ ಕೊಂಕು. ‘ವಯಸ್ಸನ್ನು ಮೀರಿ ದುಡಿಯುವ ಅಜ್ಜಿ’ ಅಂದರೆ ವಯಸ್ಸು ಒಡ್ಡುವ ಅಡ್ಡಿಯನ್ನು ಲೆಕ್ಕಿಸದೆ ದುಡಿಯುವವಳು. ಕ್ರಿಯಾಪದ ಮೂರರಲ್ಲೂ ಒಂದೇ. ಮೊದಲನೆಯದರಲ್ಲಿ ಪ್ರತ್ಯಯ ಇಲ್ಲ, ಎರಡನೆಯದರಲ್ಲಿ ‘ಗೆ’, ಮೂರನೆಯದರಲ್ಲಿ ‘ಅನ್ನು’. ಅರ್ಥ ಮೂರು ದಿಕ್ಕಿಗೆ ಹೋಯಿತು.

ಪ್ರತ್ಯಯವಿಲ್ಲದ ರೂಪವನ್ನು ಮೊದಲು ಮುಗಿಸೋಣ, ಏಕೆಂದರೆ ಅದು ಸುಲಭ. ಇಲ್ಲಿ ಮೀರುವುದು ನಾಮಪದವೇ; ಅಂದರೆ ಅದೇ ಕರ್ತೃ. ‘ಹೊತ್ತು ಮೀರಿತು’, ‘ಗಡುವು ಮೀರಿದೆ’, ‘ಅವಧಿ ಮೀರಿದ ಮಾತ್ರೆ’, ‘ಮುಹೂರ್ತ ಮೀರುತ್ತಿದೆ’. ಕಾಲಕ್ಕೆ ಸಂಬಂಧಿಸಿದ ಪದಗಳೇ ಹೆಚ್ಚು, ಅರ್ಥ ‘ಕಳೆದುಹೋಗು’. ಮಾಹಿತಿ ಹಕ್ಕು ಅರ್ಜಿಗೆ 30 ದಿನಗಳೊಳಗೆ ಉತ್ತರ ಕೊಡಬೇಕು. ಬರದಿದ್ದರೆ ಮೇಲ್ಮನವಿಯಲ್ಲಿ ‘30 ದಿನಗಳ ಅವಧಿ ಮೀರಿದರೂ ಮಾಹಿತಿ ಒದಗಿಸಿಲ್ಲ’ ಎಂದು ಬರೆದರೆ ಸಾಕು. ಅದರಲ್ಲಿ ಬೈಗುಳ ಇಲ್ಲ, ವಿಷಯ ಮಾತ್ರ ಇದೆ. ಸಹಕಾರ ಸಂಘಗಳ ಭಾಷೆಯಲ್ಲಿ ‘ಅವಧಿ ಮೀರಿದ ಸಾಲ’ಕ್ಕೆ ‘ಸುಸ್ತಿ’ ಎಂಬ ಪದವೇ ಇದೆ. ಓದುವವರು ಸಂಘದ ಸದಸ್ಯರಾಗಿದ್ದರೆ ಆ ಪದವನ್ನು ಬಿಡಬೇಡಿ, ಅವರಿಗೆ ಅದೇ ಬೇಗ ತಲುಪುವುದು.

ಈ ರೂಪದಲ್ಲಿ ಒಂದು ಹಳ್ಳ ಇದೆ. ‘ಕಾಲ ಮೀರಿದ ಔಷಧ’ ಎಸೆಯಬೇಕಾದದ್ದು. ‘ಕಾಲವನ್ನು ಮೀರಿದ ಕಾವ್ಯ’ ಎಂದೆಂದಿಗೂ ಉಳಿಯುವಂಥದು. ಮುನ್ನುಡಿ, ಬೆನ್ನುಡಿ ಬರೆಯುವವರು ‘ಅನ್ನು’ ಬಿಟ್ಟು ‘ಕಾಲ ಮೀರಿದ ಕಾವ್ಯ’ ಎಂದು ಬರೆದಾಗ, ಆ ಕಾವ್ಯದ ಕಾಲ ಮುಗಿಯಿತು ಎಂದು ಓದಿಕೊಳ್ಳುವವರನ್ನು ತಪ್ಪು ಅನ್ನಲಾಗದು. ಕಾಲ, ಹೊತ್ತು, ವಯಸ್ಸು, ಪ್ರಾಯ, ಅವಧಿ ಎಂಬ ಪದಗಳೊಂದಿಗೆ ಹೊಗಳಿಕೆಯ ಅರ್ಥ ಬೇಕಿದ್ದರೆ ದ್ವಿತೀಯಾ ಪ್ರತ್ಯಯವನ್ನು ಬಿಡಲೇಬಾರದು.

ಇನ್ನು ‘ಅನ್ನು’ ಮತ್ತು ‘ಗೆ’. ಈ ಪದದ ಜೀವ ಇರುವುದು ಇವೆರಡರ ನಡುವಿನ ವ್ಯತ್ಯಾಸದಲ್ಲಿ. ‘ಕಾನೂನನ್ನು ಮೀರಿದವರು’ ಅಂದರೆ ಕಾನೂನು ಮುರಿದವರು. ‘ಕಾನೂನಿಗೆ ಮೀರಿದವರು’ ಅಂದರೆ ಕಾನೂನು ಅನ್ವಯವಾಗದಷ್ಟು ಮೇಲಿರುವವರು. ‘ಕಾನೂನಿಗೆ ಯಾರೂ ಮೀರಿದವರಲ್ಲ’ ಎಂಬ ಭಾಷಣದ ಮಾತನ್ನು ‘ಕಾನೂನನ್ನು ಯಾರೂ ಮೀರಿದವರಲ್ಲ’ ಎಂದು ಬದಲಿಸಿ ನೋಡಿ: ಯಾರೂ ತಪ್ಪೇ ಮಾಡಿಲ್ಲ ಎಂದಾಗುತ್ತದೆ. ಹಾಗೆಯೇ ‘ಮಾತನ್ನು ಮೀರಿದ ಹುಡುಗ’ ಹೇಳಿದ್ದು ಕೇಳದವನು, ‘ಮಾತಿಗೆ ಮೀರಿದ ಚೆಲುವು’ ಬಣ್ಣಿಸಲಾಗದಂಥದು.

ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ‘ಅನ್ನು’ ಬಂದರೆ ನಾಮಪದ ಕರ್ಮ; ಕರ್ತೃ ಅದರ ಮೇಲೆ ಏನೋ ಮಾಡಿದ್ದಾನೆ. ಅಂದರೆ ಅದೊಂದು ಘಟನೆ: ಮೊದಲು ಒಳಗಿದ್ದ, ಈಗ ಹೊರಗೆ ಹೋದ. ‘ಗೆ’ ಪ್ರತ್ಯಯವಾದರೋ ಕನ್ನಡದಲ್ಲಿ ಹೋಲಿಕೆಯ ಪ್ರತ್ಯಯವೂ ಹೌದು: ಅವನಿಗೆ ಸಮ, ಇವನಿಗೆ ಸಾಟಿ, ಅದಕ್ಕೆ ಮಿಗಿಲು. ಆದ್ದರಿಂದ ‘ಗೆ ಮೀರಿದ’ ಎಂದಾಗ ಯಾರೂ ಗೆರೆ ದಾಟಿ ಹೋಗಿಲ್ಲ. ಆ ವಸ್ತು ಮೊದಲಿನಿಂದಲೂ ಗೆರೆಯ ಆಚೆಗೇ ಇದೆ. ಅದು ಸ್ಥಿತಿ, ಘಟನೆಯಲ್ಲ. ಈ ಕಾರಣಕ್ಕೇ ‘ಗೆ’ ಜೊತೆಗೆ ಕೃದಂತ ರೂಪಗಳು ಹೆಚ್ಚು ಒಗ್ಗುತ್ತವೆ: ಊಹೆಗೆ ಮೀರಿದ, ಅಳವಿಗೆ ಮೀರಿದ್ದು, ಶಕ್ತಿಗೆ ಮೀರಿದ ಖರ್ಚು. ‘ಅದು ಊಹೆಗೆ ಮೀರಿತು’ ಎಂದರೆ ಕಿವಿಗೆ ಸ್ವಲ್ಪ ತೊಡಕು, ‘ಊಹೆಗೆ ಮೀರಿದ್ದು’ ಎಂದರೆ ಸಲೀಸು.

‘ಕೈ’ ಜೊತೆಗೂ ಇದೇ ಲೆಕ್ಕ. ‘ಪರಿಸ್ಥಿತಿ ಕೈಮೀರಿತು’ ಅಂದರೆ ಇಷ್ಟು ಹೊತ್ತು ಹಿಡಿತದಲ್ಲಿತ್ತು, ಈಗ ತಪ್ಪಿತು. ‘ಇದು ನನ್ನ ಕೈಗೆ ಮೀರಿದ ಕೆಲಸ’ ಅಂದರೆ ಯಾವತ್ತೂ ನನ್ನಿಂದ ಆಗುವಂಥದ್ದಾಗಿರಲಿಲ್ಲ. ನೋಟಿಸಿನಲ್ಲಿ ಈ ವ್ಯತ್ಯಾಸ ಮುಖ್ಯ. ‘ಪರಿಸ್ಥಿತಿ ಕೈಮೀರಿದ್ದರಿಂದ ಸೇವೆ ಸ್ಥಗಿತವಾಗಿದೆ’ ಎಂದು ಬರೆದ ಸಂಸ್ಥೆ ತನ್ನ ನಿರ್ವಹಣೆ ಸೋತಿತು ಎಂದು ಒಪ್ಪಿಕೊಂಡಂತೆ. ‘ನಮ್ಮ ನಿಯಂತ್ರಣಕ್ಕೆ ಮೀರಿದ ಕಾರಣಗಳಿಂದ’ ಎಂದರೆ ಹೊಣೆ ಹೊರಗಿನದು. ಎರಡನ್ನೂ ಒಂದೇ ಎಂದುಕೊಂಡು ಬರೆದ ಪ್ರಕಟಣೆಗಳು ದಿನವೂ ಕಾಣಸಿಗುತ್ತವೆ.

ಇಲ್ಲಿ ಸಮಾಸದ ವಿಷಯವನ್ನೂ ಹೇಳಿಬಿಡಬೇಕು. ಮಿತಿಯನ್ನು + ಮೀರು = ಮಿತಿಮೀರು. ಕೈಯನ್ನು + ಮುಗಿ = ಕೈಮುಗಿ ಆದ ಹಾಗೆ, ಇದು ಕ್ರಿಯಾಸಮಾಸ; ದ್ವಿತೀಯಾ ಪ್ರತ್ಯಯ ಲೋಪವಾಗಿದೆ. ಮಿತಿಮೀರು, ಎಲ್ಲೆಮೀರು, ಮಾತುಮೀರು, ಹದ್ದುಮೀರು ಎಲ್ಲ ಹೀಗೆಯೇ. ಬಿಡಿಸಿ ಬರೆಯುವುದೂ ರೂಢಿಯಲ್ಲಿದೆ, ಅದು ದೋಷವಲ್ಲ. ಆದರೆ ನಾಮಪದಕ್ಕೆ ವಿಶೇಷಣ ಸೇರಿತೆಂದರೆ ಸಮಾಸ ಸಡಿಲವಾಗುತ್ತದೆ, ಆಗ ಪ್ರತ್ಯಯ ವಾಪಸು ಬರಬೇಕು. ‘ಮಿತಿಮೀರಿದ ವೇಗ’ ಸರಿ. ‘ಇಲಾಖೆ ಗೊತ್ತುಪಡಿಸಿದ ಮಿತಿಮೀರಿದ ವೇಗ’ ಎಂದರೆ ಇಲಾಖೆಯೇ ಅತಿವೇಗವನ್ನು ಗೊತ್ತುಪಡಿಸಿದಂತಾಯಿತು. ‘ಇಲಾಖೆ ಗೊತ್ತುಪಡಿಸಿದ ಮಿತಿಯನ್ನು ಮೀರಿದ ವೇಗ’ ಎಂದೇ ಬರೆಯಬೇಕು. ಅನುವಾದದಲ್ಲಿ ಉದ್ದದ ವಿಶೇಷಣಗಳು ಬರುವುದು ಹೆಚ್ಚು, ಹಾಗಾಗಿ ಈ ತಪ್ಪೂ ಅಲ್ಲೇ ಹೆಚ್ಚು. ‘ಕೈಮೀರು’ ಮಾತ್ರ ಬೇರೆ ಜಾತಿಯದು: ಅದು ನುಡಿಗಟ್ಟಾಗಿ ಗಟ್ಟಿಯಾಗಿದೆ, ‘ಪರಿಸ್ಥಿತಿ ಕೈಯನ್ನು ಮೀರಿತು’ ಎಂದು ಯಾರೂ ಅನ್ನುವುದಿಲ್ಲ.

‘ಗಿಂತ’ ಪ್ರತ್ಯಯಕ್ಕೂ ಮೀರುವುದಕ್ಕೂ ನಂಟು ಬೇಡ. ‘ನಿರೀಕ್ಷೆಗಿಂತ ಹೆಚ್ಚು’ ಒಂದು, ‘ನಿರೀಕ್ಷೆ ಮೀರಿ’ ಇನ್ನೊಂದು. ಎರಡನ್ನೂ ಕಲಸಿ ‘ನಿರೀಕ್ಷೆಗಿಂತ ಮೀರಿ’ ಮಾಡುವುದು ಈಚಿನ ಅಭ್ಯಾಸ. ‘ಮೀರು’ ಎಂಬುದರೊಳಗೇ ಹೋಲಿಕೆ ಇರುವಾಗ ‘ಗಿಂತ’ ದಂಡ. ಒತ್ತಿ ಹೇಳಬೇಕೆಂದರೆ ‘ನಿರೀಕ್ಷೆಗೂ ಮೀರಿ’ ಎನ್ನಿ.

ಈಗ ನಿಮ್ಮ ಗುರುಶಿಷ್ಯರ ವಾಕ್ಯ. ಅಲ್ಲಿರುವುದು ‘ಮೀರು’ ಅಲ್ಲ, ‘ಮೀರಿಸು’. ‘ಇಸು’ ಸೇರಿದರೆ ಸಾಮಾನ್ಯವಾಗಿ ಪ್ರೇರಣಾರ್ಥ ಬರುತ್ತದೆ: ಮಾಡು, ಮಾಡಿಸು, ಓದು, ಓದಿಸು. ‘ಮೀರಿಸು’ ಹಾಗಲ್ಲ, ಇನ್ನೊಬ್ಬರಿಂದ ಮೀರುವಂತೆ ಮಾಡುವುದು ಎಂಬ ಅರ್ಥ ಅದಕ್ಕಿಲ್ಲ. ಪೈಪೋಟಿಯಲ್ಲಿ ಮೇಲುಗೈ ಸಾಧಿಸು ಎಂಬ ಒಂದೇ ಕೆಲಸಕ್ಕೆ ಅದು ಮೀಸಲು. ಆದ್ದರಿಂದ ಅದರ ಕರ್ಮ ಯಾವಾಗಲೂ ಒಬ್ಬ ಎದುರಾಳಿ, ಅಥವಾ ಅದೇ ಬಗೆಯ ಇನ್ನೊಂದು ವಸ್ತು: ಅಣ್ಣನನ್ನು ಮೀರಿಸಿದ ತಮ್ಮ, ರೇಷ್ಮೆಯನ್ನೂ ಮೀರಿಸುವ ನುಣುಪು, ಚಿನ್ನವನ್ನು ಮೀರಿಸಿದ ಬೆಳ್ಳಿಯ ಏರಿಕೆ. ಮಿತಿ, ನಿಯಮ, ಅವಧಿ ಇವು ಎದುರಾಳಿಗಳಲ್ಲ. ‘ಮಿತಿಯನ್ನು ಮೀರಿಸಿದೆ’ ಎಂಬುದು ಸರಿಯಾದ ಕನ್ನಡವಲ್ಲ. ಆ್ಯಪ್‌ಗಳ ಸಂದೇಶದಲ್ಲಿ ಇದು ಧಾರಾಳವಾಗಿ ಕಾಣುತ್ತದೆ, ಬಹುಶಃ ‘ಮೀರಿಸು’ ಹೆಚ್ಚು ಗಂಭೀರ ಎನಿಸುವುದರಿಂದ.

ಒಬ್ಬ ಅಪ್ಪ, ಒಬ್ಬ ಮಗನನ್ನು ಇಟ್ಟುಕೊಂಡರೆ ಎಲ್ಲವೂ ಒಟ್ಟಿಗೆ ಕಾಣುತ್ತವೆ. ‘ಅಪ್ಪನ ಮಾತು ಮೀರಿದ’ ಅಂದರೆ ವಿಧೇಯನಾಗಲಿಲ್ಲ. ‘ಅಪ್ಪನನ್ನು ಮೀರಿ ಜಮೀನು ಮಾರಿದ’ ಅಂದರೆ ಅವನ ಅಧಿಕಾರವನ್ನು ಬದಿಗೊತ್ತಿದ. ‘ಅಪ್ಪನನ್ನು ಮೀರಿಸಿದ’ ಅಂದರೆ ಅದೇ ಕಸುಬಿನಲ್ಲಿ ಅಪ್ಪನಿಗಿಂತ ಮುಂದೆ ಹೋದ. ‘ಅಪ್ಪನ ಕೈಮೀರಿ ಬೆಳೆದ’ ಅಂದರೆ ಹೇಳಿದ ಹಾಗೆ ಕೇಳುವ ಘಟ್ಟ ಮುಗಿಯಿತು. ‘ಅಪ್ಪನಿಗೂ ಮಿಗಿಲಾದ’ ಅಂದರೆ ಪೈಪೋಟಿಯ ವಾಸನೆಯೇ ಇಲ್ಲದ ಮೆಚ್ಚುಗೆ. ಇಂಗ್ಲಿಷಿನ ಒಂದು ಕ್ರಿಯಾಪದಕ್ಕೆ ಕನ್ನಡದ ಒಂದೇ ಕ್ರಿಯಾಪದವನ್ನು ಕಟ್ಟಿಹಾಕಿದರೆ ಇವೆಲ್ಲ ಕೈತಪ್ಪುತ್ತವೆ. ಓಟದಲ್ಲಿ, ರಸ್ತೆಯಲ್ಲಿ, ಮತ ಎಣಿಕೆಯಲ್ಲಿ ಮುಂದಿದ್ದವರನ್ನು ಹಿಂದೆ ಹಾಕಿದರೆ ಅದು ‘ಹಿಂದಿಕ್ಕು’. ಅಲ್ಲಿ ಬದಲಾದದ್ದು ಸ್ಥಾನ ಮಾತ್ರ. ‘ಮೀರಿಸು’ ಎಂದರೆ ಗುಣದಲ್ಲೂ ಮೇಲೆ ಎಂಬ ಧ್ವನಿ ಬರುತ್ತದೆ. ಒಂದು ಬಸ್ಸು ಇನ್ನೊಂದು ಬಸ್ಸನ್ನು ಹಿಂದಿಕ್ಕಬಹುದು, ಮೀರಿಸಲು ಅದರಲ್ಲಿ ಒಳ್ಳೆಯ ಸೀಟಾದರೂ ಇರಬೇಕು.

ಪದದ ಮೂಲದ ಬಗ್ಗೆ ಎರಡು ಮಾತು. ಹಳಗನ್ನಡದಲ್ಲಿ ಇದು ‘ಮೀಱು’. ‘ಱ’ ಅಕ್ಷರದ, ಅಂದರೆ ಶಕಟರೇಫದ, ಬಳಕೆ ನಿಂತ ಮೇಲೆ ‘ಮೀರು’ ಆಯಿತು. ತಮಿಳು, ತೆಲುಗುಗಳಲ್ಲೂ ಇದೇ ಪದ ಇದೆ. ತಮಿಳಿನಲ್ಲಿ ನಿಯಮ ಮುರಿಯುವುದಕ್ಕೆ ‘ವಿದಿಮೀಱಲ್’, ತೆಲುಗಿನಲ್ಲಿ ಅತಿಯಾದದ್ದಕ್ಕೆ ‘ಮಿತಿಮೀರಿನ’. ಎರಡೂ ಕನ್ನಡಿಗರಿಗೆ ವಿವರಣೆಯಿಲ್ಲದೆ ತಿಳಿಯುತ್ತವೆ. ಕಚೇರಿ ಭಾಷೆಗೆ ಸಂಸ್ಕೃತದ ಪದವೇ ಆಗಬೇಕು ಎಂಬ ಭಾವನೆಯಿಂದ ‘ಮೀರು’ವನ್ನು ಹೊರಗಿಡುವವರು, ‘ಮಿತಿ’ಯೊಂದಿಗೆ ನೂರಾರು ವರ್ಷ ಸಂಸಾರ ಮಾಡಿಕೊಂಡು ಬಂದ ಪದವನ್ನು ಹೊರಗಟ್ಟುತ್ತಿದ್ದಾರೆ.

‘ದಾಟು’ ಎಲ್ಲಿ? ದಾಟುವುದಕ್ಕೆ ಆಚೆ ದಡ ಬೇಕು: ಹೊಳೆ, ರಸ್ತೆ, ಹೊಸಿಲು, ಗಡಿ. ಮೀರುವುದಕ್ಕೆ ದಡ ಬೇಡ, ಅಳತೆ ಸಾಕು. ನಾವು ಹೊಳೆ ದಾಟುತ್ತೇವೆ; ಮಳೆಗಾಲದಲ್ಲಿ ಹೊಳೆ ದಡ ಮೀರುತ್ತದೆ. ಅಂಕಿಗಳ ವಿಷಯದಲ್ಲಿ ‘ದಾಟು’ ಒಂದು ಮೈಲಿಗಲ್ಲಿಗೆ ಸರಿ, ‘ಮೀರು’ ಯಾರೋ ನಿಗದಿ ಮಾಡಿದ ಮಿತಿಗೆ ಸರಿ. ಕೆಆರ್‌ಎಸ್ ಜಲಾಶಯದ ಪೂರ್ಣಮಟ್ಟ 124.80 ಅಡಿ. ನೀರು ಏರುತ್ತಿರುವಾಗ ‘ಮಟ್ಟ 120 ಅಡಿ ದಾಟಿತು’ ಅನ್ನುವುದೇ ಚೆಂದ. 120 ಯಾವ ಮಿತಿಯೂ ಅಲ್ಲ, ಎಣಿಕೆಯ ಒಂದು ನಿಲುಗಡೆ. ಅದೇ ಕೆಳಪಾತ್ರದಲ್ಲಿ ‘ನದಿ ಅಪಾಯದ ಮಟ್ಟ ಮೀರಿ ಹರಿಯುತ್ತಿದೆ’ ಅನ್ನಬೇಕು, ಅಲ್ಲಿ ಗೆರೆಗೆ ಎಚ್ಚರಿಕೆಯ ಅರ್ಥ ಇದೆ. ಬ್ಯಾಟರ್ ಅರ್ಧಶತಕ ದಾಟುತ್ತಾನೆ, ಬೌಲರ್ ತನ್ನ ಓವರುಗಳ ಮಿತಿ ಮೀರುವಂತಿಲ್ಲ. ‘ಲಕ್ಷ್ಮಣರೇಖೆ’ಗೆ ‘ದಾಟು’ ಅಂಟಿಕೊಂಡಿದೆ, ಏಕೆಂದರೆ ಅದು ನೆಲದ ಮೇಲೆ ಎಳೆದ ಗೆರೆ. ಅಲ್ಲಿ ‘ಮೀರು’ ತಪ್ಪಲ್ಲವಾದರೂ ಚಿತ್ರ ಮಸುಕಾಗುತ್ತದೆ.

ಅಂಕಿಗಳ ಮಾತು ಬಂದದ್ದರಿಂದ, ನೋಟಿಸು ಬರೆಯುವವರು ಹೆಚ್ಚು ಎಡವುವ ಜಾಗ ಇದೇ ಎಂದು ಹೇಳಬೇಕು. ‘50 ಮೀರಬಾರದು’ ಎಂದಾಗ 50ಕ್ಕೆ ಅವಕಾಶ ಇದೆ. 50ರ ಮೇಲೆ ಚೂರು ಹೋದರೂ ತಪ್ಪು. ಶಬ್ದಮಾಲಿನ್ಯದ 2000ದ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದಿದೆ. ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಕನ್ನಡದಲ್ಲಿ ಇದನ್ನು ‘ರಾತ್ರಿ 10ರಿಂದ ಬೆಳಗಿನ 6ರವರೆಗೆ ಶಬ್ದ 45 ಡೆಸಿಬೆಲ್ ಮೀರಬಾರದು’ ಎಂದರೆ ಮುಗಿಯಿತು. ‘45 ಡೆಸಿಬೆಲ್‌ಗಿಂತ ಕಡಿಮೆ ಇರಬೇಕು’ ಎಂದು ಬರೆದರೆ 45ನ್ನೇ ಹೊರಗಿಟ್ಟಂತೆ, ನಿಯಮ ಬದಲಾಗಿ ಹೋಯಿತು. ಇದರ ತಿರುಗುಮುರುಗು ‘50ಕ್ಕೆ ಕಡಿಮೆಯಿಲ್ಲದಂತೆ’. ಇಲ್ಲೂ 50 ಸೇರಿದೆ. ‘50ಕ್ಕೂ ಹೆಚ್ಚು’, ‘50ಕ್ಕೂ ಮಿಕ್ಕಿ’ ಅಂದಾಗ 50 ಸೇರಿಲ್ಲ, 51ರಿಂದ ಲೆಕ್ಕ. ಈ ‘ಮಿಕ್ಕಿ’ ಕರಾವಳಿಯ ವರದಿಗಳಲ್ಲಿ ಹೆಚ್ಚು. ಬಯಲುಸೀಮೆಯ ಓದುಗರಿಗೆ ‘ಮಿಕ್ಕ’ ಎಂದರೆ ‘ಉಳಿದ’ ಎಂಬುದು ಮೊದಲು ಹೊಳೆಯುವ ಅರ್ಥ, ಹಾಗಾಗಿ ಇಡೀ ರಾಜ್ಯಕ್ಕೆ ಹೋಗುವ ಪ್ರಕಟಣೆಯಲ್ಲಿ ‘ಹೆಚ್ಚು’ ಒಳ್ಳೆಯದು.

‘ಮೇಲ್ಪಟ್ಟ’ ಎಂಬುದನ್ನು ನಂಬಬೇಡಿ. ‘18 ವರ್ಷ ಮೇಲ್ಪಟ್ಟವರು’ ಅಂದರೆ 18 ತುಂಬಿದ ದಿನದಿಂದಲೋ, 19ರಿಂದಲೋ? ‘18 ವರ್ಷ ತುಂಬಿದವರು’ ಎಂದರೆ ಜಗಳವಿಲ್ಲ. ಗರಿಷ್ಠ ವಯೋಮಿತಿಯಲ್ಲಿ ಇನ್ನೂ ತೊಡಕು: ‘35 ವರ್ಷ ಮೀರಿರಬಾರದು’ ಎಂದಾಗ 35 ತುಂಬಿ ಎರಡು ತಿಂಗಳಾದವರು ‘ನನಗೆ ಇನ್ನೂ 36 ಆಗಿಲ್ಲ’ ಎಂದು ಅರ್ಜಿ ಹಾಕುತ್ತಾರೆ. ಪದದ ಅರ್ಥದ ಪ್ರಕಾರ ಅವರು ಮೀರಿದ್ದಾರೆ. ಆದರೆ ಅದನ್ನು ಕೌಂಟರಿನಲ್ಲಿ ವಾದಿಸುವ ಬದಲು ನೋಟಿಸಿನಲ್ಲೇ ಹುಟ್ಟಿದ ದಿನಾಂಕ ಕೊಟ್ಟುಬಿಡಿ: ಇಂಥ ದಿನಾಂಕಕ್ಕಿಂತ ಮೊದಲು ಹುಟ್ಟಿದವರು ಅರ್ಹರಲ್ಲ. ಕಾನೂನಿನ ಕನ್ನಡದಲ್ಲಿ ‘ಮೂರು ತಿಂಗಳಿಗೆ ಮೀರದ ಕಾರಾವಾಸ’, ‘ಐದು ಸಾವಿರ ರೂಪಾಯಿಗೆ ಮೀರದ ಜುಲ್ಮಾನೆ’ ಎಂದು ‘ಗೆ’ ಬರುತ್ತದೆ. ಅಲ್ಲಿ ಯಾರೂ ಮೂರು ತಿಂಗಳನ್ನು ಮೀರುತ್ತಿಲ್ಲ. ಶಿಕ್ಷೆಯ ಅಳತೆಯನ್ನು ಮೂರು ತಿಂಗಳಿನೊಂದಿಗೆ ಹೋಲಿಸಲಾಗುತ್ತಿದೆ. ಮೇಲೆ ಹೇಳಿದ ಹೋಲಿಕೆಯ ಚತುರ್ಥಿಯೇ ಇದು.

‘ಉಲ್ಲಂಘಿಸು’ ಬಳಸಬೇಕಾದರೆ ಎರಡು ಇರಬೇಕು: ಒಂದು ಕಟ್ಟಳೆ, ಮತ್ತು ಅದಕ್ಕೆ ಬದ್ಧನಾಗಿದ್ದ ಒಬ್ಬ ಹೊಣೆಗಾರ. ತಾಪಮಾನ 40 ಡಿಗ್ರಿಯನ್ನು ಮೀರುತ್ತದೆ, ಉಲ್ಲಂಘಿಸುವುದಿಲ್ಲ. ಸೂರ್ಯನ ಮೇಲೆ ಯಾರೂ ಕೇಸು ಹಾಕಲಾರರು. ಅಪ್‌ಲೋಡ್ ಮಾಡಿದ ಫೋಟೊ ದೊಡ್ಡದಾದಾಗ ‘ನೀವು ಗಾತ್ರದ ಮಿತಿಯನ್ನು ಉಲ್ಲಂಘಿಸಿದ್ದೀರಿ’ ಎಂದು ಆ್ಯಪ್ ಹೇಳಿದರೆ, ಅರ್ಜಿ ಹಾಕಲು ಬಂದ ಮನುಷ್ಯನನ್ನು ಆರೋಪಿ ಮಾಡಿದಂತಾಗುತ್ತದೆ. ಬೈದ ಹಾಗಿರುವುದು ಇಲ್ಲಿ, ನಿಮ್ಮ ‘ಮೀರು’ವಿನಲ್ಲಿ ಅಲ್ಲ. ‘ಫೋಟೊದ ಗಾತ್ರ 5 ಎಂಬಿ ಮೀರಿದೆ. ಚಿಕ್ಕದು ಮಾಡಿ ಮತ್ತೆ ಹಾಕಿ’ ಎಂದರೆ ತಪ್ಪು ಏನು, ಮುಂದೇನು ಎರಡೂ ತಿಳಿಯಿತು. ಹಾಗೆಂದು ‘ಉಲ್ಲಂಘನೆ’ ಬೇಡವೇ ಬೇಡ ಎಂದಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ವೇಗಕ್ಕೆ ಮಿತಿ ಹಾಕುತ್ತದೆ, 183ನೇ ಕಲಂ ದಂಡ ಹೇಳುತ್ತದೆ. ರಸ್ತೆಯಲ್ಲಿ ನಡೆದದ್ದನ್ನು ‘ಕಾರು ವೇಗಮಿತಿ ಮೀರಿತ್ತು’ ಎಂದು ಬಣ್ಣಿಸಿ, ದಂಡದ ಚೀಟಿಯಲ್ಲಿ ‘ವೇಗಮಿತಿ ಉಲ್ಲಂಘನೆ’ ಎಂದು ಬರೆಯಿರಿ. ಒಂದು ವರ್ಣನೆ, ಇನ್ನೊಂದು ಆಪಾದನೆ.

ಸಂಸ್ಕೃತದಲ್ಲಿ ಉತ್ + ಲಂಘನ, ಅಂದರೆ ಮೇಲೆ ಜಿಗಿಯುವುದು ಎಂದಷ್ಟೇ ಇದರ ಅರ್ಥ. ತಪ್ಪಿನ ಛಾಯೆ ಬಳಕೆಯಿಂದ ಬಂದದ್ದು. ಆ ಛಾಯೆ ಇಲ್ಲದ ಬಳಕೆ ಇಂದಿಗೂ ಒಂದು ಕಡೆ ಉಳಿದಿದೆ: ಚಾತುರ್ಮಾಸ್ಯದಲ್ಲಿ ಒಂದೇ ಊರಿನಲ್ಲಿ ನೆಲೆಸಿದ್ದ ಯತಿಗಳು ವ್ರತ ಮುಗಿಸಿ ಊರಿನ ಗಡಿ ದಾಟುವುದು ‘ಸೀಮೋಲ್ಲಂಘನ’. ವಿಜಯದಶಮಿಯಂದು ಊರ ಗಡಿಯಾಚೆ ಬನ್ನಿ ಮರಕ್ಕೆ ಹೋಗುವುದಕ್ಕೂ ಅದೇ ಹೆಸರು. ಎರಡೂ ವಿಧಿಯ ಪ್ರಕಾರ ಮಾಡುವ ಶುಭಕಾರ್ಯ, ಅಲ್ಲಿ ಯಾರೂ ನಿಯಮ ಮುರಿದಿಲ್ಲ. ಕಾಗುಣಿತದ ಬಗ್ಗೆ: ತ್ + ಲ ಸೇರಿ ‘ಲ್ಲ’ ಆಗಿರುವುದರಿಂದ ಒತ್ತಕ್ಷರ ಬೇಕೇ ಬೇಕು, ‘ಉಲಂಘನೆ’ ತಪ್ಪು, ‘ಘ’ ಮಹಾಪ್ರಾಣ, ಕೊನೆಗೆ ‘ನ’. ‘ಉಲ್ಲಂಘಣೆ’ ಎಂಬ ರೂಪ ಎಷ್ಟು ಬಳಕೆಯಲ್ಲಿದ್ದರೂ ಅದಕ್ಕೆ ‘ಣ’ ಬರುವ ಕಾರಣ ಇಲ್ಲ; ‘ಋಣ’, ‘ಭೂಷಣ’ಗಳಲ್ಲಿರುವ ಋಕಾರವಾಗಲಿ ಷಕಾರವಾಗಲಿ, ರೇಫವಾಗಲಿ ಇದರಲ್ಲಿಲ್ಲ.

‘ಅತಿಕ್ರಮಿಸು’ ಕನ್ನಡದಲ್ಲಿ ಈಗ ಹೆಚ್ಚಾಗಿ ನೆಲಕ್ಕೆ ಸೀಮಿತ. ‘ಅತಿಕ್ರಮ ಪ್ರವೇಶ’ ಎಂಬುದು ಅಪರಾಧದ ಹೆಸರು; ಹಳೆಯ ದಂಡಸಂಹಿತೆಯ 441ನೇ ಕಲಂನಲ್ಲಿದ್ದದ್ದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 329ನೆಯದಾಗಿದೆ. ಕೆರೆ, ರಾಜಕಾಲುವೆ, ಗೋಮಾಳಗಳ ವಿಷಯದಲ್ಲಿ ಜನ ಬಳಸುವುದು ‘ಒತ್ತುವರಿ’, ಅದೇ ಉತ್ತಮ. ಅಕ್ರಮ, ಅತಿಕ್ರಮ, ಆಕ್ರಮಣ ಮೂರನ್ನೂ ಗೊಂದಲ ಮಾಡಬೇಡಿ: ಅಕ್ರಮ ಎಂದರೆ ಕ್ರಮವಿಲ್ಲದ್ದು, ಸಕ್ರಮ ಮಾಡಬಹುದಾದದ್ದು, ಅತಿಕ್ರಮ ಎಂದರೆ ಗಡಿಯೊಳಕ್ಕೆ ಕಾಲಿಟ್ಟದ್ದು, ಆಕ್ರಮಣ ಎಂದರೆ ಮೇಲೆ ಬಿದ್ದದ್ದು.

ಮಿತಿಯನ್ನು ಹೇಳುವ ಪದಗಳಿಗೂ ಒಂದೊಂದು ವಾಸನೆ ಇದೆ. ಮಿತಿ ಅಳತೆಯದು, ಎಲ್ಲೆ ನೆಲದ್ದು, ಹದ ಪಾಕದ್ದು. ‘ಮಿತಿಮೀರಿದ ಸಕ್ಕರೆ’ ಪ್ರಮಾಣದ ದೂರು, ‘ಹದ ಮೀರಿದ ಪಾಕ’ ಒಲೆಯ ಮುಂದಿನ ದೂರು. ‘ಹದ್ದು’ ಅರಬ್ಬಿ ಮೂಲದ ಪದ. ಕಂದಾಯ ಇಲಾಖೆಯ ‘ಹದ್ದುಬಸ್ತು’ವಿನಲ್ಲಿ ಜಮೀನಿನ ಗಡಿ, ‘ಹದ್ದುಮೀರಿದ ವರ್ತನೆ’ಯಲ್ಲಿ ನಡತೆಯ ಗಡಿ. ಉತ್ತರ ಕರ್ನಾಟಕದಲ್ಲಿ ‘ಹದ್ದು ಮೀರ್ಯಾನ’ ಎಂದರೆ ಮಾತು ಮುಗಿದ ಹಾಗೆ, ಮುಂದಿನದು ಜಗಳ. ‘ಮರ್ಯಾದೆ’ಗೂ ಸಂಸ್ಕೃತದಲ್ಲಿ ಎಲ್ಲೆ ಎಂದೇ ಅರ್ಥ, ಗೌರವ ಎಂಬ ಅರ್ಥ ಅದರ ಮೇಲೆ ಬೆಳೆದದ್ದು. ಆದ್ದರಿಂದ ‘ಮರ್ಯಾದೆ ಮೀರಿ ಮಾತಾಡಿದ’ ಎಂಬಲ್ಲಿ ಆ ಹಳೆಯ ಎಲ್ಲೆ ಇನ್ನೂ ಇದೆ. ಶಿಸ್ತುಕ್ರಮದ ನೋಟಿಸಿಗೆ ಎಲ್ಲೆ ಅಥವಾ ಮಿತಿ ಸಾಕು. ಹದ್ದು, ಮರ್ಯಾದೆ ಎರಡರಲ್ಲೂ ಬರೆದವರ ಸಿಟ್ಟು ಕಾಣುತ್ತದೆ.

‘ಟ್ರಾನ್ಸೆಂಡ್’ ಎಂಬ ಪದ ಸುತ್ತೋಲೆಗಳಲ್ಲಿ ಅಪರೂಪ, ಬಂದರೆ ಎರಡು ದಾರಿ. ಕ್ರಿಯಾಪದ ಬೇಕಿದ್ದರೆ ‘ಮೀರು’ ಸಾಕು: ‘ಪಕ್ಷಭೇದವನ್ನು ಮೀರಿ ಒಂದಾದರು’. ವಿಶೇಷಣ ಬೇಕಿದ್ದರೆ ‘ಅತೀತ’ ಸೇರಿಸಿದ ಸಮಾಸ: ಪಕ್ಷಾತೀತ, ಕಾಲಾತೀತ, ತರ್ಕಾತೀತ. ‘ಅತೀತ’ಕ್ಕೆ ಕ್ರಿಯಾರೂಪ ಇಲ್ಲ, ‘ಅತೀತಿಸು’ ಎಂದು ಕಟ್ಟಲು ಹೋಗಬೇಡಿ. ‘ವರ್ಣನಾತೀತ’ವನ್ನು ಒಂದಷ್ಟು ವರ್ಷ ರಜೆಯ ಮೇಲೆ ಕಳಿಸಿದರೆ ಕನ್ನಡಕ್ಕೆ ನಷ್ಟವೇನಿಲ್ಲ. ಇಂಥ ಸಮಾಸಗಳಲ್ಲಿ ಸಂಧಿ ಲೆಕ್ಕ ತಪ್ಪುವುದು ‘ಜಾತ್ಯತೀತ’ದಲ್ಲಿ. ಜಾತಿ + ಅತೀತ, ಯಣ್ ಸಂಧಿ. ಇಕಾರದ ಜಾಗಕ್ಕೆ ಯಕಾರ ಬಂತು, ‘ಅ’ ಹ್ರಸ್ವವಾಗಿಯೇ ಉಳಿಯಿತು. ‘ಜಾತ್ಯಾತೀತ’ ಎಂಬುದು ಬ್ಯಾನರುಗಳಲ್ಲಿ ಎಷ್ಟು ದೊಡ್ಡದಾಗಿ ಅಚ್ಚಾದರೂ ತಪ್ಪೇ.

ಇದಕ್ಕಿಂತ ಹೆಚ್ಚು ಹರಡಿರುವ ತಪ್ಪು ‘ಅತೀ ಹೆಚ್ಚು’, ‘ಅತೀ ಶೀಘ್ರ’, ‘ಅತೀ ಮುಖ್ಯ’. ಮಿತಿಮೀರಿದ್ದು ಎಂಬ ಅರ್ಥದ ಉಪಸರ್ಗ ‘ಅತಿ’, ತಿ ಹ್ರಸ್ವ: ಅತಿವೃಷ್ಟಿ, ಅತಿರೇಕ, ಅತಿಶಯ. ಮುಂದೆ ಇಕಾರದಿಂದ ಶುರುವಾಗುವ ಪದ ಬಂದಾಗ ಮಾತ್ರ ಸವರ್ಣದೀರ್ಘ ಸಂಧಿಯಿಂದ ‘ತೀ’ ಆಗುತ್ತದೆ: ಅತಿ + ಇಂದ್ರಿಯ ಅತೀಂದ್ರಿಯ, ಅತಿ + ಇವ ಅತೀವ, ಅತಿ + ಇತ ಅತೀತ. ‘ಅತ್ಯಂತ’ದಲ್ಲಿ ಅತಿ + ಅಂತ, ಅಂದರೆ ಕೊನೆಯನ್ನೂ ಮೀರಿದ್ದು, ಹಾಗಾಗಿ ‘ಅತ್ಯಂತ ಶ್ರೇಷ್ಠತಮ’ ಎಂದು ಬರೆದಾಗ ಕೊನೆಯಾಚೆಗೆ ಹೋದ ಮೇಲೂ ಇನ್ನೊಂದು ಹೆಜ್ಜೆ ಇಟ್ಟಂತೆ. ‘ಅತ್ಯಂತ ಶ್ರೇಷ್ಠ’ ಸಾಕು, ‘ಶ್ರೇಷ್ಠ’ ಒಂದೇ ಇದ್ದರೆ ಇನ್ನೂ ಮೇಲು.